ನಾಲ್ಕನೇ ಕ್ಲಾಸಿನ ಗೋಡೆ

ಮಾರ್ಚ್ 5, 2025, ಬುಧವಾರ. ಬೆಳಿಗ್ಗೆ ಏಳೂಕಾಲು. ಪೂಜೆ ಮುಗಿಸಿ ಇಗರ್ಜಿಯಿಂದ ಹೊರಬಂದವರ ಹಣೆಯಲ್ಲೆಲ್ಲ ಬೂದಿಯ ಶಿಲುಬೆ. ಹೋದ ವರ್ಷ ಗರಿಗಳ ಭಾನುವಾರ ಮನೆಗೆ ಒಯ್ದು ದೇವರ ಪಟದ ಹಿಂದೆ ಸಿಕ್ಕಿಸಿಟ್ಟಿದ್ದ ತೆಂಗಿನ ಗರಿಗಳು ಒಣಗಿ, ಇಗರ್ಜಿಗೆ ಮರಳಿ ಬಂದು, ಸುಟ್ಟು ಬೂದಿಯಾಗಿ ಈಗ ಹಣೆಗೇರಿವೆ. ತಪಸ್ಸುಕಾಲ ಇಲ್ಲಿಂದ ಶುರು. ಮೂರು ದಿನದ ಹಿಂದೆ ರಂಜಾನಿನ ಉಪವಾಸವೂ ಹಿಡಿದಿದೆ. ಈ ಸಲ ಎರಡೂ ಒಂದೇ ವಾರಕ್ಕೆ ಬಂದಿವೆ.

ಶಾಲೆಯಂಗಳದ ಹಾಲೆ ಮರದ ತುದಿಯಲ್ಲಿ ಮಡಿವಾಳ ಹಕ್ಕಿಯ ಗಂಡು ಹಾಡುತ್ತಿದೆ. ಚಳಿಗಾಲವಿಡೀ ಬೇಲಿಯೊಳಗಿಂದ ಗೊಗ್ಗರು ದನಿಯಲ್ಲಿ ಗದರುತ್ತ, ಮುಸ್ಸಂಜೆಗೆ ಬಾಲ ಎತ್ತಿ ಇಳಿಸುತ್ತ ಇದ್ದ ಹಕ್ಕಿ ಇದೇ. ಪೂರ್ತಿ ಹಾಡನ್ನು ಈ ವರ್ಷ ಮೊದಲು ಕೇಳಿದ್ದು ಇವತ್ತು. ಬರೆದಿಟ್ಟುಕೊಂಡೆ.

ಇದು ಬಂಟ್ವಾಳ ತಾಲೂಕಿನ ಒಳಭಾಗದ ಒಂದು ಹಿರಿಯ ಪ್ರಾಥಮಿಕ ಶಾಲೆ. ನಡೆಸುವುದು ಇಗರ್ಜಿ, ಸರಕಾರದ ಅನುದಾನ, ಕನ್ನಡ ಮಾಧ್ಯಮ, ಒಂದರಿಂದ ಏಳು. ಇಗರ್ಜಿಯ ಬಗಲಿಗೆ ಶಾಲೆ, ಹಿಂದೆ ಸ್ಮಶಾನ, ಅದರಾಚೆ ಗೇರು ಗುಡ್ಡೆ. ನನ್ನ ಮನೆ ಪಾಗಾರದ ಈಚೆ. ನಾನು ಏಳನೇವರೆಗೆ ಕಲಿತದ್ದೂ ಇಲ್ಲೇ. ಆಗ ನಾಲ್ಕನೇ ಕ್ಲಾಸೊಂದರಲ್ಲೇ ಐವತ್ತು ಮಕ್ಕಳಿದ್ದೆವು. ಈಗ ಇಡೀ ಶಾಲೆಗೆ ಅರುವತ್ತು ಚಿಲ್ಲರೆ. ಬೆಳಿಗ್ಗೆ ಎಂಟಕ್ಕೆ ಹಳದಿ ಬಸ್ಸು ಬಂದು ಊರಿನ ಉಳಿದ ಮಕ್ಕಳನ್ನು ಪೇಟೆಗೆ ಒಯ್ಯುತ್ತದೆ. ಇಲ್ಲಿ ಉಳಿದವರು ಕೊಂಕಣಿ ಮನೆಯವರು, ತುಳು ಮನೆಯವರು, ಬ್ಯಾರಿ ಮನೆಯವರು. ಅಂಗಳದಲ್ಲಿ ಜಗಳ ತುಳುವಿನಲ್ಲಿ ನಡೆಯುತ್ತದೆ. ದೂರು ಟೀಚರ ಹತ್ತಿರ ಕನ್ನಡದಲ್ಲಿ ಬರುತ್ತದೆ.

ಕಟ್ಟಡ ಮುರಕಲ್ಲಿನದು. ಎದುರಿಗೆ ಗಾರೆ, ಸುಣ್ಣ ಎಲ್ಲ ಉಂಟು. ಹಿಂಗೋಡೆಗೆ ಏನೂ ಇಲ್ಲ, ಕಲ್ಲು ಹಾಗೇ ಕಾಣುತ್ತದೆ. ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. 1801ರಲ್ಲಿ ನಮ್ಮ ಸೀಮೆಯನ್ನೂ ಹಾದುಹೋದವನು ಅವನು. ಹೆಸರು ಬಂದದ್ದು 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ. ಲ್ಯಾಟಿನಿನಲ್ಲಿ ಇಟ್ಟಿಗೆಗೆ ಇರುವ ಪದದಿಂದ ಹುಟ್ಟಿದ ಹೆಸರು. ನೆಲದೊಳಗೆ ಮೆತ್ತಗಿದ್ದು, ಕಡಿದು ಹೊರಗಿಟ್ಟರೆ ಗಾಳಿ ಬಿಸಿಲಿಗೆ ಗಟ್ಟಿಯಾಗುವ ಕಲ್ಲು. ಮೈತುಂಬ ತೂತು. ಚಿಕ್ಕ ತೂತಿಗೆ ಒಂಟಿ ಕಣಜ ಮಣ್ಣು ಮೆತ್ತಿ ಮುಚ್ಚುತ್ತದೆ, ತುಸು ದೊಡ್ಡದರಲ್ಲಿ ಜೇಡ, ಅದಕ್ಕೂ ದೊಡ್ಡದರಲ್ಲಿ ಹಲ್ಲಿ.

ಹಾಲೆ ಮರಕ್ಕೆ ತುಳುವಿನಲ್ಲಿ ಪಾಲೆ. ಆಟಿ ಅಮಾವಾಸ್ಯೆಯ ದಿನ ಸೂರ್ಯ ಮೂಡುವ ಮೊದಲು, ಕತ್ತಿ ತಾಗಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತೆಗೆದು ಕಷಾಯ ಕುಡಿಯುವ ಮರ. ಬುಡದ ಸುತ್ತ ಆ ಗಾಯಗಳು, ಒಂದು ಮಾಯುವಾಗ ಇನ್ನೊಂದು. ಲಿನೇಯಸ್ ಇದಕ್ಕೆ ಕೊಟ್ಟ ಹೆಸರಿನಲ್ಲಿ ‘ಸ್ಕೊಲಾರಿಸ್’ ಎಂಬ ಮಾತಿದೆ, ಶಾಲೆಗೆ ಸೇರಿದ್ದು ಎಂದು. ಹಿಂದೆ ಮಕ್ಕಳು ಅಕ್ಷರ ತಿದ್ದುವ ಹಲಗೆಯನ್ನು ಇದರ ಹಗುರ ಮರದಿಂದ ಮಾಡುತ್ತಿದ್ದರು. ಈ ಆವರಣದ ಉಳಿದ ದೊಡ್ಡ ಮರಗಳೆಲ್ಲ ಹಡಗು ಹತ್ತಿ ಬಂದವು. ಸ್ಮಶಾನದ ದೇವಕಣಗಿಲೆ ಅಮೆರಿಕದ್ದು, ಗೇಟಿನ ಗುಲ್‌ಮೊಹರ್ ಮಡಗಾಸ್ಕರದ್ದು, ಗುಡ್ಡೆಯ ಗೇರು ಪೋರ್ಚುಗೀಸರೊಡನೆ ಬ್ರೆಜಿಲಿನಿಂದ ಬಂದದ್ದು. ಹಾಲೆ ಮಾತ್ರ ಈ ನೆಲದ್ದೇ.

ಮಾರ್ಚ್ 14. ನಾಲ್ಕನೇ ಕ್ಲಾಸಿನ ಹಿಂಗೋಡೆ. ನೆಲದಿಂದ ಏಳಡಿ ಮೇಲೆ, ಮಾಡಿನ ನೆರಳಿನೊಳಗೆ, ಕಲ್ಲೊಂದರ ಮೂಲೆ ಉದುರಿ ಮುಷ್ಟಿ ಹಿಡಿಸುವಷ್ಟು ಪೊಟರೆ. ಮಡಿವಾಳದ ಹೆಣ್ಣು ಬೇರಿನ ನಾರು ಕಚ್ಚಿಕೊಂಡು ಒಳಹೋಯಿತು. ಅರ್ಧ ಗಂಟೆಯಲ್ಲಿ ಹನ್ನೊಂದು ಸಲ. ಗಂಡು ನಾರು ಮುಟ್ಟಲಿಲ್ಲ. ನೀರಿನ ಟಾಂಕಿಯ ಮೇಲೆ ಕೂತು ಹಾಡಿತು, ನಡುವೆ ಒಮ್ಮೆ ಬಂದ ಅಳಿಲನ್ನು ಅಟ್ಟಿತು.

ಇಲ್ಲೊಂದು ತೊಂದರೆ. ಅಡುಗೆಮನೆಯಿಂದ ಕೈತೊಳೆಯುವ ನಳ್ಳಿಗೆ ಹೋಗುವ ದಾರಿ ಇದೇ ಗೋಡೆಯ ಬುಡದಲ್ಲಿದೆ. ಮಧ್ಯಾಹ್ನ ಅರುವತ್ತು ಜೋಡಿ ಕಾಲು ಅಲ್ಲಿ ಓಡುತ್ತವೆ. ಪಾಗಾರದ ಮೇಲೆ ದುರ್ಬೀನು ಹಿಡಿದು ಕೂತ ನನ್ನನ್ನು ನಾಲ್ಕನೆಯ ಒಬ್ಬ ಹುಡುಗಿ ಕಂಡಳು.

“ಎಂತ ಸರ್ ನೋಡುವುದು ಅಲ್ಲಿ?”

“ಮಡಿವಾಳ ಗೂಡು ಕಟ್ತಾ ಉಂಟು. ಹತ್ತಿರ ಹೋಗ್ಬೇಡಿ.”

“ಎಷ್ಟು ಹತ್ತಿರ ಹೋಗ್ಬಹುದು?”

ನನಗೆ ಉತ್ತರ ಗೊತ್ತಿರಲಿಲ್ಲ. ‘ಹತ್ತಿರ ಹೋಗಬೇಡಿ’ ಎಂದು ಎಷ್ಟೋ ವರ್ಷದಿಂದ ಎಷ್ಟೋ ಜನಕ್ಕೆ ಹೇಳಿದ್ದೇನೆ, ಅಳೆದು ನೋಡಿದ್ದಿಲ್ಲ. ಮರುದಿನ ಶನಿವಾರ ಶಾಲೆ ಬಿಟ್ಟ ಮೇಲೆ ಅಳೆದೆವು. ಅವಳು ನಡೆದಳು, ನಾನು ಹಕ್ಕಿಯನ್ನು ನೋಡಿದೆ. ಹನ್ನೆರಡು ಹೆಜ್ಜೆಯಲ್ಲಿ ಹೆಣ್ಣು ಲೆಕ್ಕಿಸಲಿಲ್ಲ. ಹತ್ತರಲ್ಲಿ ಒಮ್ಮೆ ನಿಂತು ನೋಡಿ ಒಳಹೋಯಿತು. ಏಳರಲ್ಲಿ ಬೇಲಿಯಲ್ಲೇ ಕೂತಿತು. ನಾರು ಬಾಯಲ್ಲಿ ಹಾಗೇ. ಅಲ್ಲಿಗೆ ನಿಲ್ಲಿಸಿದೆವು. ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಕ್ರೀಡಾಕೂಟಕ್ಕೆ ತಂದು ಉಳಿದ ಸುಣ್ಣದ ಪುಡಿ ಕೊಟ್ಟರು. ಹತ್ತು ಹೆಜ್ಜೆಗೆ ಗೋಡೆಯ ಸುತ್ತ ಅರ್ಧಚಂದ್ರದ ಗೆರೆ ಬಿತ್ತು. ಸೋಮವಾರದಿಂದ ನಳ್ಳಿಗೆ ಹೋಗುವವರೆಲ್ಲ ಹಾಲೆ ಮರ ಸುತ್ತಿ ಹೋದರು. ಒಂದನೆಯ ಮಕ್ಕಳು ಗೆರೆಯ ಅಂಚಿಗೆ ಬಂದು, ಹೆಬ್ಬೆರಳನ್ನು ಸುಣ್ಣಕ್ಕೆ ತಾಗಿಸಿ ನಿಂತು, ಉಸಿರು ಬಿಗಿಹಿಡಿದು ನೋಡುತ್ತಿದ್ದರು. ದಾಟಿದವರನ್ನು ನಾನು ಕಂಡಿಲ್ಲ.

ಗೆರೆಯಿಂದ ನಾವು ಎಣಿಸದ ಇನ್ನೊಂದು ಸಂಗತಿ ನಡೆಯಿತು. ಮಾಡಿನ ಕೆಳಗಿನ ಆ ಪಟ್ಟಿಯಲ್ಲಿ ಮಳೆಯೂ ಬೀಳುವುದಿಲ್ಲ, ಬಿಸಿಲೂ ಕಮ್ಮಿ. ಹಿಟ್ಟಿನಂಥ ಕೆಂಪು ಧೂಳು. ಕಾಲು ತುಳಿಯುವುದು ನಿಂತ ನಾಲ್ಕನೇ ದಿನಕ್ಕೆ ಅಲ್ಲಿ ಸಣ್ಣ ಆಲಿಕೆಯಂಥ ಕುಳಿಗಳು ಕಾಣಿಸಿದವು. ಮಕ್ಕಳು ಇವನ್ನು ಗುಂಡಿ ಹುಳ ಅನ್ನುತ್ತಾರೆ. ಹಿಂದುಹಿಂದಕ್ಕೆ ಸುತ್ತು ಹಾಕುತ್ತ, ತಲೆಯಿಂದ ಧೂಳು ಚಿಮ್ಮುತ್ತ ಕುಳಿ ತೋಡಿ, ತಳದಲ್ಲಿ ದವಡೆ ಮಾತ್ರ ಹೊರಗಿಟ್ಟು ಕಾಯುವ ಮರಿಹುಳ. ಅಂಚಿಗೆ ಬಂದ ಇರುವೆ ಜಾರುತ್ತದೆ. ಹತ್ತಲು ನೋಡಿದರೆ ಕೆಳಗಿಂದ ಧೂಳಿನ ಏಟು. ಬೆಳೆದ ಮೇಲೆ ತೆಳು ರೆಕ್ಕೆ ಬಂದು, ಏರೋಪ್ಲೇನ್ ಚಿಟ್ಟೆಯ ಬಡಕಲು ನೆಂಟನಂತೆ ರಾತ್ರಿ ದೀಪಕ್ಕೆ ಬರುವುದೂ ಇದೇ. ಮಾರ್ಚ್ 20ಕ್ಕೆ ಗೆರೆಯೊಳಗೆ ಆರು ಕುಳಿ, 27ಕ್ಕೆ ಹದಿನಾಲ್ಕು. ಗೆರೆಯ ಹೊರಗೆ, ಅದೇ ಮಾಡಿನ ಅದೇ ಧೂಳಿನಲ್ಲಿ, ಒಂದೂ ಇಲ್ಲ.

ಕಾಗೆಗಳ ಬಗ್ಗೆ ಬರೆಯಲೇಬೇಕು. ಇಗರ್ಜಿಯ ಗಂಟೆ 12ಕ್ಕೆ. ಅದಕ್ಕೆ ಅವು ಏಳುವುದಿಲ್ಲ. ರೈಲುಕಂಬಿಯ ತುಂಡಿಗೆ ಬಡಿಯುವ ಊಟದ ಗಂಟೆ 12.40ಕ್ಕೆ. ಅದಕ್ಕೆ ಐದು ನಿಮಿಷ ಇರುವಾಗಲೇ ಊರು ಕಾಗೆಗಳು ಅಡುಗೆಮನೆಯ ಹಂಚಿನ ಮೇಲೆ, ಎರಡು ಕಾಡು ಕಾಗೆಗಳು ದೂರದ ತೆಂಗಿನಲ್ಲಿ. ಮಕ್ಕಳು ಬಟ್ಟಲು ತೊಳೆಯುವ ಕಟ್ಟೆಯ ಬದಿಯ ಅನ್ನ ಅವುಗಳ ಪಾಲು. ನಾನು ಕಲಿಯುವಾಗ ಮನೆಯಿಂದ ಬುತ್ತಿ ತರುತ್ತಿದ್ದೆವು, ಒಂದು ಅಗುಳೂ ಬಿಡುತ್ತಿರಲಿಲ್ಲ. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹ ಮುಂದೆ ನಮ್ಮ ಕಡೆಗೂ ಬಂದ ಮೇಲೆ ಮಕ್ಕಳಿಗೆ ಬಿಸಿ ಅನ್ನ ಸಿಕ್ಕಿತು, ಕಾಗೆಗಳಿಗೆ ಹೊತ್ತು ತಪ್ಪದ ಊಟವೊಂದು ಸಿಕ್ಕಿತು. ಈ ಮಾರ್ಚಿನಲ್ಲಿ ಆರು, ಏಳನೆಯ ಕೆಲವು ಮಕ್ಕಳು ಉಪವಾಸ. ಅಡುಗೆಯ ಅಕ್ಕ ಅಕ್ಕಿ ತುಸು ಕಮ್ಮಿ ಹಾಕಿದರು. ಉಳಿಯುವುದು ಕಮ್ಮಿಯಾದ ಆ ದಿನಗಳಲ್ಲಿ ಕಾಗೆಗಳು ಹಂಚು ಬಿಟ್ಟು ಕಟ್ಟೆಗೇ ಇಳಿದವು. ಒಂದನೆಯ ಹುಡುಗನೊಬ್ಬನ ಕೈಯಿಂದ ಮೊಟ್ಟೆ ಹೋಯಿತು. ಅವನು ಅತ್ತದ್ದು ಇಗರ್ಜಿಯವರೆಗೆ ಕೇಳಿಸಿತು. ಉಪವಾಸವಿದ್ದ ಏಳನೆಯವನೊಬ್ಬ ತನ್ನ ಪಾಲಿನದನ್ನು ತಂದುಕೊಟ್ಟ.

ಏಪ್ರಿಲ್ 5, ಸಂಜೆ. ಹೆಣ್ಣು ಹುಳ ಹುಡುಕಲು ಹೋದ ಹೊತ್ತು ನೋಡಿ, ಕೋಲಿಗೆ ಕಟ್ಟಿದ ಸಣ್ಣ ಕನ್ನಡಿಯನ್ನು ಪೊಟರೆಯ ಬಾಯಿಗೆ ಹಿಡಿದೆ. ನಾಲ್ಕು ಮರಿ. ಕಣ್ಣು ಬಿಟ್ಟಿಲ್ಲ. ಹತ್ತು ಎಣಿಸುವಷ್ಟರಲ್ಲಿ ಕೋಲು ಇಳಿಸಿದೆ. ಮತ್ತೆ ಕನ್ನಡಿ ಹಿಡಿಯಲಿಲ್ಲ.

ಏಪ್ರಿಲ್ ಎರಡನೇ ವಾರ, ಫಲಿತಾಂಶದ ದಿನ. ಇಲಾಖೆಯ ಮಾತಿನಲ್ಲಿ ‘ಸಮುದಾಯದತ್ತ ಶಾಲೆ’. ಅಪ್ಪ ಅಮ್ಮಂದಿರು ಹಾಲೆ ಮರದಡಿಯ ಬೆಂಚುಗಳಲ್ಲಿ ಕೂತರು. ಕೆಲವರು ಬೀಡಿ ಬ್ರ್ಯಾಂಚಿಗೆ ಹೋಗುವ ದಾರಿಯಲ್ಲಿ ಬಂದವರು, ಕಟ್ಟು ಕಂಕುಳಲ್ಲೇ. ಸಿಸ್ಟರ್ ವರ್ಷದ ಸುದ್ದಿ ಓದಿದರು. ತೆನೆ ಹಬ್ಬದ ಒಂಬತ್ತು ದಿನವೂ ಮಕ್ಕಳು ಮಾತೆ ಮರಿಯಳಿಗೆ ಹೂ ತಂದದ್ದು, ಯಾರ ಹಿತ್ತಿಲಿನದೆಂದು ಕೇಳಬಾರದೆಂದು ಹೇಳಿದ್ದು. ಬೇಸಿಗೆಯಲ್ಲಿ ಬಾವಿ ಬತ್ತದೆ ಉಳಿದದ್ದು. ತರಕಾರಿ ಪಟ್ಟಿಯ ಬಸಳೆ, ತೊಂಡೆ ಎಷ್ಟು ದಿನದ ಸಾಂಬಾರಿಗೆ ಆಯಿತೆಂದು. ಏಳನೆಯಿಂದ ಒಂಬತ್ತು ಮಕ್ಕಳು ಟೀಸಿ ತೆಗೆದುಕೊಂಡು ಹೋಗುತ್ತಾರೆ. ಬರುವ ವರ್ಷ ಒಂದನೆಗೆ ಈವರೆಗೆ ಹೆಸರು ಕೊಟ್ಟವರು ನಾಲ್ಕು. ಆ ಸಂಖ್ಯೆ ಓದುವಾಗ ಸಿಸ್ಟರ್ ದನಿ ಬದಲಿಸಲಿಲ್ಲ. ಆದರೆ ಹಾಳೆ ಕೂಡಲೇ ಮಡಚಿದರು. ಒಂಬತ್ತು ಹೋಗಿ ನಾಲ್ಕು ಬಂದರೆ ಏನಾಗುತ್ತದೆಂಬುದು ಹಕ್ಕಿಗಳನ್ನು ಎಣಿಸುವ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನಗೆ ಸಂಕಟವಾಯಿತು.

ಆಮೇಲೆ ನಾಲ್ಕನೆಯ ಹುಡುಗಿ ಗೋಡೆ ಪತ್ರಿಕೆಯಿಂದ ಓದಿದಳು: ಗೂಡು ಯಾವ ದಿನ, ಮರಿ ಎಷ್ಟು, ಗೆರೆ ಎಷ್ಟು ಹೆಜ್ಜೆ, ಗುಂಡಿ ಹುಳ ಎಷ್ಟು. ದೊಡ್ಡವರು ಎದ್ದು ಗೆರೆ ನೋಡಲು ಹೋದರು. ಬೀಡಿ ಕಟ್ಟಿನ ಒಬ್ಬರಮ್ಮ ಚಪ್ಪಲಿ ಬಿಚ್ಚಿ ನಿಂತದ್ದನ್ನು ಕಂಡೆ, ಏಕೆಂದು ಕೇಳಲಿಲ್ಲ. ಹೊರಡುವಾಗ ಹುಡುಗಿ ನೂರು ಪುಟದ ಪುಸ್ತಕವೊಂದನ್ನು ನನ್ನ ಕೈಗೆ ಕೊಟ್ಟಳು. ರಟ್ಟಿನ ಮೇಲೆ ‘ಹಕ್ಕಿ ಪುಸ್ತಕ’. ಮೂಲೆಗೆ ತೂತು ಮಾಡಿ ನೂಲು ಪೋಣಿಸಿದ್ದಾಳೆ, ಮೊಳೆಗೆ ನೇತುಹಾಕಲು.

“ರಜೆಯಲ್ಲಿ ನೀವು ಬರೀಬೇಕು ಸರ್. ನಾವು ಬರುವಾಗ ಓದ್ತೇವೆ.”

ಏಪ್ರಿಲ್ 12. ಮುಸ್ಸಂಜೆ ಆರೂವರೆ, ಸ್ಮಶಾನದ ತರಗೆಲೆಯಲ್ಲಿ ನವರಂಗದ ಎರಡು ಸ್ವರದ ಸಿಳ್ಳೆ. ಅಕ್ಟೋಬರಿನಿಂದ ಇಲ್ಲಿತ್ತು. ಮಧ್ಯ ಭಾರತಕ್ಕೋ ಹಿಮಾಲಯದ ತಪ್ಪಲಿಗೋ, ಗೂಡು ಕಟ್ಟುವ ಕಾಡಿಗೆ ಹೊರಡುವ ಹೊತ್ತು. ಮರುದಿನ ಕೇಳಲಿಲ್ಲ, ಅದರ ಮರುದಿನವೂ ಇಲ್ಲ. ತಂತಿಯ ಮೇಲೆ ಸಾಲುಗಟ್ಟುತ್ತಿದ್ದ ಕವಲುತೋಕೆಗಳೂ ಖಾಲಿ.

ಏಪ್ರಿಲ್ 13, ಗರಿಗಳ ಭಾನುವಾರ. ರಜೆ ಸಿಕ್ಕ ಮಕ್ಕಳು ಇಗರ್ಜಿಯ ಅಂಗಳದಲ್ಲಿ, ಕೈಯಲ್ಲಿ ತೆಂಗಿನ ಎಳೆಗರಿ. ಭೂತಕೋಲದಲ್ಲಿ ಸೊಂಟಕ್ಕೆ ಕಟ್ಟುವುದೂ ಇಂಥ ಎಳೆಗರಿಯನ್ನೇ. ಒಬ್ಬ ಹುಡುಗನ ಗರಿ ಕತ್ತರಿಯಲ್ಲಿ ಕತ್ತರಿಸಿದಂತೆ ಎರಡೂ ಬದಿ ಓರೆಯಾಗಿ ತುಂಡಾಗಿತ್ತು. ತನ್ನದು ಹರಿದದ್ದೆಂದು ಅವನಿಗೆ ಅಳು. ಅದು ಕುರುವಾಯಿ ದುಂಬಿಯ ಕೆಲಸ. ಗರಿ ಇನ್ನೂ ಸುಳಿಯೊಳಗೆ ಮಡಚಿರುವಾಗ ಕೊರೆದು ಹೋಗುತ್ತದೆ. ಬಿಚ್ಚಿಕೊಂಡಾಗ, ಮಕ್ಕಳು ಕಾಗದ ಮಡಚಿ ಒಮ್ಮೆ ಕತ್ತರಿಸಿ ಬಿಡಿಸಿದ ಹಾಗೆ, ಎರಡೂ ಕಡೆ ಒಂದೇ ಆಕಾರ. ಹೇಳಿದೆ. ಅವನು ಕಣ್ಣೊರಸಿಕೊಂಡು ಗರಿಯನ್ನು ಎತ್ತರಕ್ಕೆ ಹಿಡಿದು ಮೆರವಣಿಗೆಯಲ್ಲಿ ನಡೆದ.

ಕಾಗೆಗಳಿಗೆ ರಜೆಯ ಸುದ್ದಿ ತಿಳಿಯಲು ಒಂದು ವಾರ ಹಿಡಿಯಿತು. ಮೊದಲ ದಿನ ಎಂದಿನಷ್ಟೇ ಕಾಗೆಗಳು ಎಂದಿನ ಹೊತ್ತಿಗೆ ಹಂಚಿನ ಮೇಲೆ ಬಂದವು. ಗಂಟೆ ಬಡಿಯಲಿಲ್ಲ, ಒಂದೂಕಾಲರವರೆಗೆ ಕೂತು ಹೋದವು. ದಿನದಿನಕ್ಕೆ ಕಮ್ಮಿ. 16ಕ್ಕೆ ಮೂರೇ. ಆ ಮೂರು ಹಂಚಿನ ಮೇಲೆ ಕೂರದೆ ಗೋಡೆಗಳ ಬುಡ, ಮಾಡಿನ ಸಂದು, ಬೇಲಿ ಎಲ್ಲ ತಡಕಾಡಿದವು.

ಏಪ್ರಿಲ್ 17, ಪವಿತ್ರ ಗುರುವಾರ. ಬೆಳಿಗ್ಗೆ 6.50. ಮೊದಲ ಮರಿ ಪೊಟರೆಯ ಬಾಯಿಗೆ ಬಂದು ಕೂತಿತ್ತು. ಮೈಮೇಲೆ ಚುಕ್ಕೆ, ಬಾಲ ಇನ್ನೂ ಬೆರಳುಗುರಿನಷ್ಟು. ಕಾಡು ಕಾಗೆ ಮಾಡಿನ ಅಂಚಿನಿಂದ ಇಳಿದು ಒಂದೇ ಎಳೆತಕ್ಕೆ ಎತ್ತಿಕೊಂಡು ತೆಂಗಿಗೆ ಹೋಯಿತು. ಗಂಡು ಹೆಣ್ಣು ಎರಡೂ ಅದರ ತಲೆಯ ಮೇಲೇ ಬಡಿದವು. ಗದರಾಟ ಇಪ್ಪತ್ತು ನಿಮಿಷ. ನಾನು ಪಾಗಾರದ ಮೇಲಿಂದ ಕೂಗಿದೆ, ಕಲ್ಲು ಹುಡುಕಿದೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಅನ್ನ ನಿಂತದ್ದಕ್ಕೂ ಇದಕ್ಕೂ ಸಂಬಂಧ ಉಂಟೇ? ಮಕ್ಕಳ ಗದ್ದಲ ಇದ್ದಿದ್ದರೆ ಕಾಡು ಕಾಗೆ ಅಷ್ಟು ಕೆಳಗೆ ಇಳಿಯುತ್ತಿತ್ತೇ? ಶಾಲೆ ಇದ್ದಾಗಲೂ ಬೆಳಗಿನ ಏಳಕ್ಕೆ ಮಕ್ಕಳಿರುವುದಿಲ್ಲ. ಒಂದು ಗೂಡು, ಒಂದು ವರ್ಷದ ನೋಟದಿಂದ ಹೇಳಲು ಬರುವುದಿಲ್ಲ. ಕಂಡದ್ದನ್ನಷ್ಟೇ ಹಕ್ಕಿ ಪುಸ್ತಕದಲ್ಲಿ ಬರೆದೆ. ಕೈ ನಡುಗಿ ಅಕ್ಷರ ಚೆನ್ನಾಗಿ ಬರಲಿಲ್ಲ.

18, ಶುಭ ಶುಕ್ರವಾರ. ಇಗರ್ಜಿಯ ಗಂಟೆ ಈಸ್ಟರಿನ ಹಿಂದಿನ ರಾತ್ರಿಯವರೆಗೆ ಮೌನ. ಬದಲಿಗೆ ಮರದ ಗಿಲಕಿಯ ಕಟಕಟ. ಬೆಳಿಗ್ಗೆ ಪೊಟರೆಯ ಬಾಯಲ್ಲಿ ಎರಡು ತಲೆ. ಮೂರನೆಯದು ಎಲ್ಲಿ ಹೋಯಿತೆಂದು ನೋಡಿಲ್ಲ; ಹಿಂದಿನ ಸಂಜೆ ಬೇಲಿಯ ಬುಡದಲ್ಲಿ ಕೆಂಬೂತ ನಡೆದಾಡಿದ್ದನ್ನು ಮಾತ್ರ ನೋಡಿದ್ದೆ. ಹತ್ತೂವರೆಗೆ ಒಂದು ಮರಿ ಬೇಲಿಗೆ ಹಾರಿತು, ಬಿತ್ತು, ಹತ್ತಿತು. ಹನ್ನೊಂದೂ ಹತ್ತಕ್ಕೆ ಇನ್ನೊಂದು. ಹೆಣ್ಣು ಬಾಯಲ್ಲಿ ಹಸಿರು ಹುಳ ಹಿಡಿದು ಕೊಡದೆ, ಕರೆಕರೆದು, ಎರಡನ್ನೂ ದಾಸವಾಳದ ಪೊದೆಯ ಒಳಕ್ಕೆ ನಡೆಸಿಕೊಂಡು ಹೋಯಿತು.

21, ಸೋಮವಾರ. ಈಸ್ಟರಿನ ಮರುದಿನ. ರೋಮಿನಿಂದ ಸುದ್ದಿ ಬಂತು, ಪೋಪ್ ಫ್ರಾನ್ಸಿಸ್ ತೀರಿಕೊಂಡರೆಂದು. ಮಧ್ಯಾಹ್ನ ಸಾವಿನ ಗಂಟೆ, ಒಂದಕ್ಕೂ ಇನ್ನೊಂದಕ್ಕೂ ನಡುವೆ ದೀರ್ಘ ಬಿಡುವು ಕೊಟ್ಟು. ಪ್ರತಿ ಹೊಡೆತಕ್ಕೂ ಗೋಪುರದ ಸಂದಿಯಿಂದ ಬಾನಾಡಿಗಳು ಸುರಿದಂತೆ ಹೊರಬಂದು, ಒಂದು ಸುತ್ತು ಹಾಕಿ ಒಳಹೊಕ್ಕವು. 2015ರಲ್ಲಿ ಅವರು ಹೊರಡಿಸಿದ ‘ಲೌದಾತೊ ಸಿ’ ಎಂಬ ಪತ್ರವನ್ನು ಸಿಸ್ಟರ್ ಹಿಂದೊಮ್ಮೆ ನನಗೆ ಓದಲು ಕೊಟ್ಟಿದ್ದರು. ಮನುಷ್ಯನ ಕೈಯಿಂದ ಅಳಿದುಹೋಗುವ ಜೀವಜಾತಿಗಳು ತಮ್ಮ ಇರವಿನಿಂದ ದೇವರನ್ನು ಸ್ತುತಿಸುವುದು ಇನ್ನಿಲ್ಲವಾಗುತ್ತದೆ, ಹಾಗೆ ಮಾಡುವ ಹಕ್ಕು ನಮಗಿಲ್ಲ ಎಂಬ ಅರ್ಥದ ಮಾತು ಅದರಲ್ಲಿದೆ. ನಾನು ಬೇರೆ ದೇವರಿಗೆ ಕೈಮುಗಿಯುವವನು. ಆದರೂ ಗಂಟೆ ನಿಲ್ಲುವವರೆಗೆ ಅಂಗಳದಲ್ಲಿ ನಿಂತಿದ್ದೆ.

ಮೇ ತಿಂಗಳ ಮೊದಲ ವಾರ. ಗುಡ್ಡೆಯಲ್ಲಿ ಗೇರುಬೀಜದ ಕೊನೆಯ ಕೊಯ್ಲು. ರಜೆಯಲ್ಲಿ ಬೀಜ ಹೆಕ್ಕಿದ ದುಡ್ಡಿನಿಂದ ಚೀಲ, ಕೊಡೆ ಕೊಳ್ಳುವುದು ನಮ್ಮ ಕಾಲದಿಂದಲೂ ಉಂಟು. ನಾಲ್ಕನೆಯ ಹುಡುಗಿ, ಈಗ ಐದನೆಯವಳು, ಅಮ್ಮನೊಡನೆ ಬುಟ್ಟಿ ಹಿಡಿದು ಬಂದಳು. ಬೆರಳೆಲ್ಲ ಸೊನೆ ತಾಗಿ ಕಪ್ಪು.

“ಎಷ್ಟು ಹಾರಿತು ಸರ್?”

“ಎರಡು.”

“ನಾಲ್ಕಿತ್ತಲ್ಲ?”

ಹೇಳಿದೆ. ಬುಟ್ಟಿಯ ಬೀಜಗಳನ್ನು ಸ್ವಲ್ಪ ಹೊತ್ತು ಕೈಯಲ್ಲಿ ಆಡಿಸಿದಳು.

“ಪುಸ್ತಕದಲ್ಲಿ ಬರೆದಿದ್ದೀರಾ?”

“ಬರೆದಿದ್ದೇನೆ. ಒಂದಕ್ಕೆ ಕಾಗೆ ಅಂತ. ಇನ್ನೊಂದಕ್ಕೆ ‘ನೋಡಿಲ್ಲ’ ಅಂತ.”

ತಲೆಯಾಡಿಸಿ, ಗೋಡೆಯ ಹಿಂದಕ್ಕೆ ಹೋಗಿ, ಗೆರೆಯ ಹೊರಗೆ ಕುಕ್ಕರಗಾಲಲ್ಲಿ ಕೂತು ಕುಳಿ ಎಣಿಸಿ ಬಂದಳು. ಒಳಗೆ ಮೂವತ್ತೊಂದು. ಈಗ ಹೊರಗೂ ಹತ್ತೊಂಬತ್ತು.

ಮೇ 24. ಮುಂಗಾರು ಎಂಟು ದಿನ ಮೊದಲೇ ಕೇರಳಕ್ಕೆ ಬಂತೆಂದು ರೇಡಿಯೋದಲ್ಲಿ ಹೇಳಿದರು. ಇಲ್ಲಿ ಹೇಳಬೇಕಾಗಿರಲಿಲ್ಲ, ಎರಡು ದಿನದಿಂದ ಬಿಟ್ಟೂಬಿಡದೆ ಹೊಡೆಯುತ್ತಿದೆ. ಮಾಡಿನ ನೀರು ಬೀಳುವ ಸಾಲಿನ ಕುಳಿಗಳೆಲ್ಲ ಹೋದವು. ಗೋಡೆಗೆ ಒತ್ತಿಕೊಂಡ ಒಳಸಾಲಿನಲ್ಲಿ ಒಂಬತ್ತು ಉಳಿದಿವೆ. ಸುಣ್ಣದ ಗೆರೆ ತೊಳೆದುಹೋಗಿದೆ.

ಮೇ 26. ಮಳೆ ಬಿಟ್ಟ ಅರ್ಧ ಗಂಟೆ. ಮಡಿವಾಳದ ಹೆಣ್ಣು ಬಾಯಲ್ಲಿ ಒದ್ದೆ ಬೇರು ಹಿಡಿದು ಅದೇ ಪೊಟರೆಗೆ ಹೋಯಿತು. ಬಂತು. ಮತ್ತೆ ಹೋಯಿತು. 29ಕ್ಕೆ ಶಾಲೆ ಶುರು. ಈ ಮಳೆಯಲ್ಲಿ ಸುಣ್ಣ ನಿಲ್ಲುವುದಿಲ್ಲ. ಸಿಸ್ಟರಿಗೆ ಫೋನ್ ಮಾಡಿದೆ.

“ಹಗ್ಗ ಕಟ್ಟುವ,” ಅಂದರು. “ಬಾವಿಯ ಹಳೇ ಹಗ್ಗ ಅಡುಗೆಮನೆಯ ಅಟ್ಟದಲ್ಲಿ ಉಂಟು. ಹತ್ತು ಹೆಜ್ಜೆ ಅಲ್ಲವಾ?”